ಗೋವರ್ಧನದ ನೇಕಾರ ಶ್ರೇಣಿಗಳು

ಕನ್ನಡ ನಾಡಿನ ಬಡಗಣ ಎಲ್ಲೆ ಗೋದಾವರಿಯೆಂದು ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಸಾರುತ್ತದೆ. ಆ ನದಿಯ ತೀರದ ಪ್ರಾಚೀನ ಪಟ್ಟಣಗಳಲ್ಲಿ ನಾಸಿಕ, ಪೈಠಣಗಳೆರಡೂ ಪ್ರಸಿದ್ಧವಾದುವು. ಇಂದು ಛತ್ರಪತಿ ಸಂಭಾಜಿನಗರ ಜಿಲ್ಲೆಗೆ ಸೇರಿರುವ ಪೈಠಣವೇ ಶಾತವಾಹನರ ಪ್ರತಿಷ್ಠಾನ. ಅಲ್ಲಿಂದ ಬೆಲೆಬಾಳುವ ಕಲ್ಲುಗಳೂ ತಗರದಿಂದ ಬಟ್ಟೆಗಳೂ ಬಂಡಿಗಳಲ್ಲಿ ಭೃಗುಕಚ್ಛದ ಬಂದರಿಗೆ ಸಾಗುತ್ತಿದ್ದುವೆಂದು ‘ಪೆರಿಪ್ಲಸ್’ ಎಂಬ ಗ್ರೀಕ್ ಗ್ರಂಥವು ತಿಳಿಸುತ್ತದೆ. ಅದೇ ಜಿಲ್ಲೆಯ ಪಿತಳಖೋರಾ ಗುಹೆಯ ಕಂಬವೊಂದು ಪ್ರತಿಷ್ಠಾನದ ಗಂಧಿಗನೊಬ್ಬನ ದಾನ. ಒಬ್ಬ ವರ್ತಕನ ಔದಾರ್ಯಕ್ಕೆ ಇದು ನಿದರ್ಶನ. ಆದರೆ ಕಸುಬುದಾರರ ಸಂಘಟಿತ ಶಕ್ತಿಯನ್ನು ಕಾಣಬೇಕಾದರೆ ನಾಸಿಕದ ತ್ರಿರಶ್ಮಿ ಬೆಟ್ಟದ ಗುಹೆಗಳಿಗೆ, ಎಂದರೆ ಇಂದಿನ ಪಾಂಡವಲೇಣಿಗೆ, ಹೋಗಬೇಕು.

ಅಲ್ಲಿನ ಹತ್ತನೆಯ ಗುಹೆಯನ್ನು ಕ್ಷಹರಾತ ಕ್ಷತ್ರಪ ನಹಪಾನನ ಅಳಿಯನಾದ ಉಷವದಾತನು 42ನೆಯ ವರ್ಷದಲ್ಲಿ ಭಿಕ್ಷುಸಂಘಕ್ಕೆ ಅರ್ಪಿಸಿದನು. ಇದನ್ನು ಶಕವರ್ಷವೆಂದು ಎಣಿಸಿದರೆ ಕ್ರಿ.ಶ. 120 ಆಗುತ್ತದೆ, ಆಳ್ವಿಕೆಯ ವರ್ಷವೆಂದು ಭಾವಿಸುವವರು ಇನ್ನೂ ಹಿಂದಕ್ಕೆ ಒಯ್ಯುತ್ತಾರೆ. ಗುಹೆಯೊಡನೆ ಅವನು 3000 ಕಾರ್ಷಾಪಣಗಳ ಅಕ್ಷಯನೀವಿಯನ್ನೂ ಸ್ಥಾಪಿಸಿದನು. ಈ ಹಣವನ್ನು ಇಟ್ಟುದು ಅರಮನೆಯ ಬೊಕ್ಕಸದಲ್ಲಲ್ಲ, ನೆರೆಯ ಗೋವರ್ಧನದ ನೇಕಾರರಲ್ಲಿ. ಒಂದು ಶ್ರೇಣಿಗೆ 2000, ತಿಂಗಳಿಗೆ ನೂರಕ್ಕೆ ಒಂದರಂತೆ. ಇನ್ನೊಂದಕ್ಕೆ 1000, ನೂರಕ್ಕೆ ಮುಕ್ಕಾಲರಂತೆ. ಮೂಲಧನವನ್ನು ಹಿಂದಿರುಗಿಸುವಂತಿಲ್ಲ, ಬಡ್ಡಿಯನ್ನು ಮಾತ್ರ ಅನುಭವಿಸತಕ್ಕದ್ದು ಎಂಬುದು ಕಟ್ಟಳೆ. ಈ ವ್ಯವಸ್ಥೆಯನ್ನು ನಿಗಮಸಭೆಯಲ್ಲಿ ಸಾರಿ, ಪದ್ಧತಿಯಂತೆ ದಾಖಲೆ ಮಾಡಿಸಲಾಯಿತು.

ಲೆಕ್ಕವು ಎಷ್ಟು ಖಚಿತವೆಂಬುದನ್ನು ನೋಡಬೇಕು. 2000ಕ್ಕೆ ತಿಂಗಳ ಬಡ್ಡಿ 20, ವರ್ಷಕ್ಕೆ 240. ಗುಹೆಯಲ್ಲಿ ವರ್ಷಾವಾಸ ಮಾಡುವ 20 ಭಿಕ್ಷುಗಳಿಗೆ ತಲಾ 12 ಕಾರ್ಷಾಪಣ ವಸ್ತ್ರಕ್ಕೆಂದು ಶಾಸನವು ವಿಧಿಸುತ್ತದೆ, ಒಟ್ಟು 240. ಒಂದು ಕಾಸೂ ಹೆಚ್ಚಿಲ್ಲ, ಕಡಮೆಯಿಲ್ಲ. ಉಳಿದ ಸಾವಿರದಿಂದ ಬರುವ 90 ಇತರ ವೆಚ್ಚಕ್ಕೆ. ಕೌಟಿಲ್ಯನ ‘ಅರ್ಥಶಾಸ್ತ್ರ’ವು ಧರ್ಮ್ಯವೆಂದು ಒಪ್ಪುವ ಬಡ್ಡಿ ತಿಂಗಳಿಗೆ ನೂರಕ್ಕೆ ಒಂದೂಕಾಲು, ಎರಡು ಶ್ರೇಣಿಗಳ ದರವೂ ಅದಕ್ಕಿಂತ ಕೆಳಗಿದೆ. ವರ್ಷಕ್ಕೆ ನೂರಕ್ಕೆ ಹನ್ನೆರಡನ್ನು ಎಂದೆಂದಿಗೂ ತೆರುವೆವೆಂದು ಒಪ್ಪಿದವರು ಆ ಹಣದಿಂದ ಅದಕ್ಕೂ ಮಿಗಿಲಾದ ಲಾಭವನ್ನು ದುಡಿಯಲೇಬೇಕು. ನೂಲು, ಮಗ್ಗ, ಕೂಲಿಗಳಿಗೆ ಈ ಹಣವು ಬಂಡವಾಳವಾಗಿರಬೇಕೆಂದು ಊಹಿಸುವುದು ಅಸಂಗತವಲ್ಲ. ಹೀಗೆ ಒಬ್ಬನ ದಾನವು ಭಿಕ್ಷುವಿಗೆ ಬಟ್ಟೆಯಾಯಿತು, ನೇಕಾರನಿಗೆ ಕೆಲಸವಾಯಿತು.

ಕ್ಷಹರಾತರ ಪ್ರಭುತ್ವವು ಬಹುಕಾಲ ನಿಲ್ಲಲಿಲ್ಲ. ನಾಸಿಕ ಜಿಲ್ಲೆಯ ಜೋಗಲಥೆಂಬಿಯಲ್ಲಿ 1906ರಲ್ಲಿ ದೊರೆತ ನಹಪಾನನ 13,000ಕ್ಕೂ ಮಿಕ್ಕ ಬೆಳ್ಳಿಯ ನಾಣ್ಯಗಳಲ್ಲಿ ಸುಮಾರು ಮೂರನೆಯ ಎರಡು ಪಾಲಿನ ಮೇಲೆ ಗೌತಮೀಪುತ್ರ ಶಾತಕರ್ಣಿಯ ಮುದ್ರೆ ಬಿದ್ದಿದೆ. ಗೆದ್ದ ಅರಸನು ತನ್ನ 18ನೆಯ ವರ್ಷದಲ್ಲಿ, ಉಷವದಾತನ ಅನುಭವದಲ್ಲಿದ್ದ 200 ನಿವರ್ತನ ಹೊಲವನ್ನು ಇದೇ ಬೆಟ್ಟದ ಭಿಕ್ಷುಗಳಿಗೆ ಕೊಟ್ಟನು. 24ನೆಯ ವರ್ಷದ ಶಾಸನದಲ್ಲಿ ಬೇರೊಂದು ಮಾತು ಕೇಳಿಬರುತ್ತದೆ: ಹಿಂದೆ ಕಖಡಿಯಲ್ಲಿ ಕೊಟ್ಟ ಹೊಲವನ್ನು ಉಳುವವರಿಲ್ಲ, ಆ ಗ್ರಾಮದಲ್ಲಿ ಜನವಸತಿಯಿಲ್ಲ, ಆದುದರಿಂದ ಪಟ್ಟಣದ ಎಲ್ಲೆಯ ರಾಜಭೂಮಿಯಲ್ಲಿ 100 ನಿವರ್ತನಗಳನ್ನು ಕೊಡಲಾಗಿದೆ. ವಿದ್ವಾಂಸರು ಇವೆರಡೂ ಒಂದೇ ಹೊಲವೆಂದು ತಿಳಿಯುತ್ತಾರೆ. ಅರಸನ ಭೂಮಿಯಾದರೂ ಉಳುವ ಕೈಗಳಿಲ್ಲದಿದ್ದರೆ ಬಂಜೆ.

ಗೋವರ್ಧನದ ನೇಕಾರರು ಎಷ್ಟು ತಲೆಮಾರು ಬಡ್ಡಿ ತೆತ್ತರೆಂಬುದನ್ನು ಕಲ್ಲು ಹೇಳುವುದಿಲ್ಲ. ಆದರೆ ಶ್ರೇಣಿಗಳ ಮೇಲಿನ ಜನರ ನಂಬಿಕೆ ಅಳಿಯಲಿಲ್ಲವೆಂಬುದಕ್ಕೆ ಅದೇ ಬೆಟ್ಟದಲ್ಲಿ ಸಾಕ್ಷಿಯಿದೆ. ಮೂರನೆಯ ಶತಮಾನದಲ್ಲಿ, ಆಭೀರ ಈಶ್ವರಸೇನನ 9ನೆಯ ವರ್ಷದಲ್ಲಿ, ವಿಷ್ಣುದತ್ತೆಯೆಂಬ ಶಕ ಉಪಾಸಿಕೆಯು ರೋಗಿಗಳಾದ ಭಿಕ್ಷುಗಳ ಔಷಧಕ್ಕಾಗಿ ಹಣವನ್ನಿಟ್ಟಳು. ಕುಲರಿಕರ, ಎಂದರೆ ಬಹುಶಃ ಕುಂಬಾರರ, ಶ್ರೇಣಿಗೆ 1000, ನೀರೆತ್ತುವ ಯಂತ್ರದವರೆಂದು ತಿಳಿಯಲಾದ ಓದಯಂತ್ರಿಕರಿಗೆ 2000. ಎಣ್ಣೆಗಾಣದವರ ಹೆಸರೂ ಅಲ್ಲಿದೆ. ಈ ನಡುವೆ ಕ್ಷಹರಾತರು ಹೋದರು, ಶಾತವಾಹನರು ಹೋದರು. ಠೇವಣಿಯಿಡುವವರು ಮಾತ್ರ ಕಸುಬುದಾರರ ಬಾಗಿಲಿಗೇ ಬಂದರು.

ಕನ್ನಡ ಶಾಸನಗಳನ್ನು ಬಲ್ಲವರಿಗೆ ಈ ಚಿತ್ರವು ಅಪರಿಚಿತವಲ್ಲ. ದೇವಾಲಯಗಳ ನಂದಾದೀವಿಗೆಗೆ ಎಣ್ಣೆ ಬಿಟ್ಟ ತೆಲ್ಲಿಗ ಐವತ್ತೊಕ್ಕಲು, ಅಯ್ಯಾವೊಳೆಯ ಐನೂರ್ವರು ಇದೇ ಪರಂಪರೆಯವರು. ಐನೂರ್ವರ ಹೆಸರು 1088ರ ತಮಿಳು ಶಾಸನವೊಂದರಲ್ಲಿ ದೂರದ ಸುಮಾತ್ರಾದವರೆಗೂ ಹಬ್ಬಿದೆ. ಪರಸ್ಥಳದಲ್ಲಿ ನೆಲೆಸಿ ಸಂಘ ಕಟ್ಟಿಕೊಂಡ ಜನಕ್ಕೆ ಗೋವರ್ಧನದ ನೇಕಾರರು ಬಿಟ್ಟುಹೋದ ಪಾಠ ಸರಳವಾಗಿದೆ: ಮೂಲವನ್ನು ಕರಗಿಸದಿರುವುದು, ಲೆಕ್ಕವನ್ನು ಸಭೆಯ ಮುಂದೆ ಓದುವುದು.