ಅಡಕತ್ತರಿಯೂ ಆಕಾಶಯಾನವೂ

ನಮ್ಮ ಅಪ್ಪಯ್ಯನ ಕವಳದ ಸಂಚಿಗೆ ನಾಲ್ಕು ಖಾನೆಗಳಿದ್ದವು. ಒಂದರಲ್ಲಿ ಎಲೆ, ಒಂದರಲ್ಲಿ ಅಡಕೆ, ಒಂದರಲ್ಲಿ ತಂಬಾಕು. ಕೊನೆಯದರಲ್ಲಿ ಹಿತ್ತಾಳೆಯ ಸುಣ್ಣದ ಡಬ್ಬಿ ಮತ್ತು ಅಡಕತ್ತರಿ. ಆ ಅಡಕತ್ತರಿ ಅವರ ತಂದೆಯದು. ಕುಮಟೆಯಿಂದ ಆಗಬೋಟು ಹತ್ತಿ ಮುಂಬಯಿಗೆ ಹೋದಾಗಲೂ, ಘಟ್ಟ ಹತ್ತಿ ಸಿರಸಿಗೆ ಹೋದಾಗಲೂ ಆ ಸಂಚಿ ಅಪ್ಪಯ್ಯನ ಸೊಂಟ ಬಿಟ್ಟಿರಲಿಲ್ಲ. ಅವರು ತೀರಿಕೊಂಡ ಮೇಲೆ ಅದು ನನ್ನ ಪಾಲಿಗೆ ಬಂತು. ನಾನು ದಿನಕ್ಕೆ ಎರಡೇ ಕವಳದವನು. ಆದರೂ ಊರು ಬಿಡುವಾಗ ಸಂಚಿ ಜತೆಗಿಲ್ಲದಿದ್ದರೆ ಕೈ ಬರಿದಾದಂತೆ ಅನ್ನಿಸುತ್ತದೆ.

ಹತ್ತು ವರ್ಷಗಳ ಹಿಂದೆ ಮೊದಲ ಬಾರಿ ವಿಮಾನ ಹತ್ತುವ ಯೋಗ ಬಂತು. ಯಾವ ಊರಿನ ನಿಲ್ದಾಣವೆಂದು ಹೇಳುವುದಿಲ್ಲ, ಅಲ್ಲಿಯವರದೇನೂ ತಪ್ಪಿರಲಿಲ್ಲ. ಕೈಚೀಲ ಯಂತ್ರದ ಬಾಯೊಳಗೆ ಹೋಯಿತು, ಹೊರಗೆ ಬಂತು, ಮತ್ತೆ ಒಳಗೆ ಹೋಯಿತು. ಕಾವಲಿನ ತರುಣ ಸಂಚಿ ಬಿಚ್ಚಿ ಅಡಕತ್ತರಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದೇನು ಸಾರ್?" ಎಂದು ಕೇಳಿದ. ಹೇಳಿದೆ. ದೊಡ್ಡ ಪೆಟ್ಟಿಗೆಯಲ್ಲಿ ಹಾಕಿದ್ದರೆ ತೊಂದರೆಯಿರಲಿಲ್ಲ, ಕೈಯಲ್ಲಿ ಒಯ್ಯುವ ಹಾಗಿಲ್ಲ ಎಂದ. ದೊಡ್ಡ ಪೆಟ್ಟಿಗೆ ಅಷ್ಟರಲ್ಲಿ ವಿಮಾನದ ಹೊಟ್ಟೆ ಸೇರಿತ್ತು. ಹೊರಗೆ ಹೋಗಿ ಯಾರಿಗಾದರೂ ಕೊಟ್ಟು ಬರಲು ಹೊತ್ತಿರಲಿಲ್ಲ; ಕೊಡಲು ಯಾರೂ ಇರಲಿಲ್ಲ. ಪಕ್ಕದಲ್ಲೊಂದು ಗಾಜಿನ ಡಬ್ಬವಿತ್ತು. ಅದರಲ್ಲಿ ಉಗುರು ಕತ್ತರಿಗಳು, ಬೆಂಕಿಪೆಟ್ಟಿಗೆಗಳು, ಯಾರದೋ ತಿರುಪುಳಿ. ಮೂರು ತಲೆಮಾರು ಅಡಕೆ ಕತ್ತರಿಸಿದ ಉಕ್ಕು ಅವುಗಳ ಮೇಲೆ ಬಿದ್ದು ಸಣ್ಣ ಸದ್ದು ಮಾಡಿತು.

ಊರಿಗೆ ಬಂದ ಮೇಲೆ ಯಾರಿಗೂ ಹೇಳಲಿಲ್ಲ. ನಲವತ್ತು ವರ್ಷ ಮಕ್ಕಳಿಗೆ ಚರಿತ್ರೆ ಹೇಳಿದವನು ನಾನು; ದುಃಖವಾದರೆ ಹಳೆಯ ಪುಸ್ತಕ ತೆಗೆಯುವುದೇ ನನಗೆ ಗೊತ್ತಿರುವ ಉಪಾಯ. ತೆಗೆದು ನೋಡಿದರೆ, ದೂರ ಹೋಗುವವನು ಏನನ್ನು ಒಯ್ಯಬಹುದು, ಏನನ್ನು ಒಯ್ಯಕೂಡದು ಎಂಬ ಜಗಳ ನಮ್ಮ ಕರಾವಳಿಗೆ ಹೊಸದೇ ಅಲ್ಲ. ಭಟ್ಕಳ, ಹೊನ್ನಾವರ, ಕುಮಟೆಗಳ ದಕ್ಕೆಗಳಲ್ಲಿ ಆ ಜಗಳ ಆರು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆದಿದೆ.

ಹದಿನಾಲ್ಕನೆಯ ಶತಮಾನದ ನಡುವಿನಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತನ ಮಾತು ವಾಚಕರಲ್ಲಿ ಹಲವರಿಗೆ ತಿಳಿದದ್ದೇ. ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ ೧೩ ಶಾಲೆಗಳನ್ನೂ ಗಂಡುಮಕ್ಕಳಿಗೆ ೨೩ ಶಾಲೆಗಳನ್ನೂ ಕಂಡೆನೆಂದು ಆತ ಬರೆದದ್ದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೇಳಿಕೊಳ್ಳದ ಭಾಗ ಇನ್ನೊಂದಿದೆ. ಸಿಂಹಳದಿಂದ ಮರಳಿ ಬರುತ್ತ ಹೊನ್ನಾವರಕ್ಕೂ ಬಾರಕೂರಿಗೂ ನಡುವಿನ ಒಂದು ಸಣ್ಣ ದ್ವೀಪದ ಬಳಿ ಹನ್ನೆರಡು ಹಡಗುಗಳ ಕಡಲುಗಳ್ಳರು ಅವನನ್ನು ಮುತ್ತಿದರು. ಸಿಂಹಳದ ಅರಸ ಕೊಟ್ಟಿದ್ದ ಮುತ್ತುರತ್ನಗಳು, ಉಡುಪು, ಬುತ್ತಿ ಎಲ್ಲ ಹೋದವು. ಮೈಮೇಲೆ ಉಳಿದದ್ದು ಒಂದು ಚಲ್ಲಣ. ರತ್ನಕ್ಕಿಂತ ದೊಡ್ಡ ನಷ್ಟವನ್ನು ಆತ ಬೇರೊಂದು ಕಡೆ, ಬುಖಾರದ ಪ್ರಸ್ತಾಪ ಬಂದಾಗ ಹೇಳುತ್ತಾನೆ: ಅಲ್ಲಿಯ ವಿದ್ವಾಂಸರ ಗೋರಿಗಳ ಮೇಲಿನ ಬರಹಗಳನ್ನು ಬರೆದಿಟ್ಟುಕೊಂಡಿದ್ದನಂತೆ, ಹಿಂದುಸ್ಥಾನದ ಕಡಲಿನಲ್ಲಿ ದರೋಡೆಯಾದಾಗ ಅವೂ ಹೋದವು. ಮುತ್ತು ಕೊಡುವ ಅರಸರು ಇನ್ನೊಬ್ಬರು ಸಿಕ್ಕಾರು. ಬುಖಾರದ ಗೋರಿಗಳನ್ನು ಮತ್ತೆ ಓದಲು ಯಾರು ಹೋಗಬೇಕು?

ಕಳ್ಳರು ಕೈಗೆ ಸಿಕ್ಕಿದ್ದನ್ನೆಲ್ಲ ಒಯ್ದರು. ಅವರಲ್ಲಿ ಪಟ್ಟಿ ಇರಲಿಲ್ಲ. ಪಟ್ಟಿ ಹಿಡಿದುಕೊಂಡು ಬಂದವರು ಪೋರ್ಚುಗೀಜರು. ೧೫೦೨ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಭಟ್ಕಳದ ಅಳಿವೆಗೆ ನುಗ್ಗಿದವು. ವಿಜಯನಗರಕ್ಕೆ ಅರಬ್ಬೀ ಕುದುರೆ ಇಳಿಯುತ್ತಿದ್ದ ಸಿರಿವಂತ ಬಂದರು ಅದು. ಹೊಡೆದಾಟವಾಯಿತು, ಬೆಂಕಿ ಬಿತ್ತು, ಆಮೇಲೆ ಕರಾರು. ವರ್ಷವರ್ಷವೂ ಅಕ್ಕಿಯ ಕಪ್ಪ ಕೊಡಬೇಕು, ಇಲ್ಲಿ ಕಾಳುಮೆಣಸಿನ ವ್ಯಾಪಾರ ಕೂಡದು, ತುರ್ಕರನ್ನು ಕರೆತರಕೂಡದು, ಇಲ್ಲಿಯ ಹಡಗು ಕಲ್ಲಿಕೋಟೆಗೆ ಹೋಗಕೂಡದು. ಮೆಣಸು ಬೆಳೆಯುವ ಘಟ್ಟದ ಬುಡದಲ್ಲಿ ಕುಳಿತವರಿಗೆ ಮೆಣಸು ಮುಟ್ಟಬೇಡಿ ಎಂದ ಹಾಗೆ! ಮೂರು ವರ್ಷದ ಮೇಲೆ, ೧೫೦೫ರಲ್ಲಿ, ಅಲ್ಮೇದನ ಕೈಯಲ್ಲಿ ಹೊನ್ನಾವರವೂ ಸುಟ್ಟಿತು. ೧೫೪೨ರಲ್ಲಿ ಭಟ್ಕಳ ಮತ್ತೊಮ್ಮೆ ಬೂದಿಯಾಯಿತು.

ಇದರ ಜತೆಗೆ ಬಂದದ್ದು ‘ಕರ್ತಾಸ್’ ಎಂಬ ರಹದಾರಿ ಚೀಟಿ. ನಮ್ಮ ಕಡಲಿನಲ್ಲಿ ನಮ್ಮ ಹಡಗು ನಡೆಸಲು ಅವರ ಚೀಟಿ ಬೇಕು. ಹಡಗಿನ ಹೆಸರು, ನಾಯಕನ ಹೆಸರು, ಹಡಗಿನ ಗಾತ್ರ, ಆತ್ಮರಕ್ಷಣೆಗೆ ಎಷ್ಟು ಆಯುಧ, ಎಲ್ಲಿಂದ ಎಲ್ಲಿಗೆ — ಎಲ್ಲವೂ ಅದರಲ್ಲಿ ಬರೆದಿರಬೇಕು. ಮೆಣಸು ಮೊದಲಾದ ನಿಷಿದ್ಧ ಸರಕೂ ಇರಬಾರದು, ಶತ್ರುಗಳೆಂದು ಅವರು ಎಣಿಸಿದ ಜನರೂ ಇರಬಾರದು. ಚೀಟಿಯ ಬೆಲೆ ಹೆಚ್ಚೇನಲ್ಲ. ಚೀಟಿ ಇಲ್ಲದೆ ಸಿಕ್ಕಿದವನ ಹಡಗು ಮಾತ್ರ ಅವನದಲ್ಲ. ಮೊನ್ನೆ ಮೊಮ್ಮಗನ ವಿಮಾನದ ಚೀಟಿಯ ಹಿಂಬದಿಯ ಸಣ್ಣಕ್ಷರ ಓದುತ್ತಿದ್ದಾಗ ಕರ್ತಾಸ್ ನೆನಪಾಯಿತು. ಹೋಲಿಕೆ ಸರಿಯಲ್ಲ, ಗೊತ್ತು. ಅದು ಒಬ್ಬರ ಲಾಭಕ್ಕೆ ಮಾಡಿದ ಕಾಯಿದೆ. ಇದು ನನ್ನ ಜೀವವನ್ನೂ ಕಾಯುವ ಕಾಯಿದೆ. ಆದರೂ ಸಾಲಿನಲ್ಲಿ ನಿಂತವನ ಎದೆಬಡಿತ ಎರಡು ಕಾಲದಲ್ಲೂ ಒಂದೇ ಇದ್ದಿರಬೇಕು.

೧೬೨೩ರಲ್ಲಿ ಹೊನ್ನಾವರದ ಮೂಲಕ ಗೇರುಸೊಪ್ಪೆಯ ಘಟ್ಟ ಹತ್ತಿ ಇಕ್ಕೇರಿಯ ವೆಂಕಟಪ್ಪ ನಾಯಕನ ರಾಜಧಾನಿಗೆ ಹೋದ ಇಟಲಿಯ ಪಿಯೆತ್ರೋ ಡೆಲ್ಲಾ ವಾಲ್ಲೆಯನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಅವನ ಹೆಂಡತಿ ಮಾನಿ ೧೬೨೧ರ ಕೊನೆಯಲ್ಲಿ ಪರ್ಷಿಯದಲ್ಲಿ ತೀರಿಕೊಂಡಳು. ಅವಳನ್ನು ಪರದೇಶದ ಮಣ್ಣಿನಲ್ಲಿ ಬಿಡಲು ಮನಸ್ಸಾಗದೆ, ದೇಹ ಕೆಡದಂತೆ ಕರ್ಪೂರ ಹಾಕಿಸಿ ಪೆಟ್ಟಿಗೆಯಲ್ಲಿ ಇರಿಸಿಕೊಂಡ. ಹೆಣವಿರುವ ಹಡಗು ಉಳಿಯದೆಂದು ನಾವಿಕರ ಭಯ. ಆದ್ದರಿಂದ ಯಾರಿಗೂ ತಿಳಿಯದಂತೆ ಬಟ್ಟೆಬರೆಗಳ ನಡುವೆ ಅಡಗಿಸಿ ಹಿಂದುಸ್ಥಾನಕ್ಕೆ ತಂದ. ಕೊನೆಗೆ ೧೬೨೭ರಲ್ಲಿ ರೋಮಿನಲ್ಲಿ ಮಣ್ಣು ಮಾಡಿದ. ಇದನ್ನು ಓದಿದ ರಾತ್ರಿ ನನ್ನ ಅಡಕತ್ತರಿಯ ದುಃಖ ಸ್ವಲ್ಪ ಚಿಕ್ಕದಾಯಿತು.

ನಮ್ಮ ಹಿರಿಯರ ಕಾಲಕ್ಕೆ ಬಂದರೆ ಪಟ್ಟಿ ಬೇರೆ. ೧೮೬೧ರಿಂದ ೬೫ರವರೆಗೆ ಅಮೇರಿಕದ ಅಂತರ್ಯುದ್ಧ ನಡೆದಾಗ ಧಾರವಾಡ ಸೀಮೆಯ ಹತ್ತಿ ನಮ್ಮ ದಕ್ಕೆಯಿಂದ ಹಡಗೇರಿ ವಿಲಾಯತಿಯಲ್ಲಿ ‘ಕುಮಟಾ ಹತ್ತಿ’ ಎಂದೇ ಹೆಸರಾಯಿತು. ಅದನ್ನು ಒಯ್ಯಬೇಡಿ ಎಂದವರಿಲ್ಲ. ಆದರೆ ೧೯೩೦ರಲ್ಲಿ ಅಂಕೋಲೆಯ ಜನ ಕಡಲ ನೀರಿನಿಂದ ಮಾಡಿದ ಹಿಡಿ ಉಪ್ಪು ಅಪರಾಧದ ವಸ್ತುವಾಯಿತು. ಗೋವೆ ೧೯೬೧ರಲ್ಲಿ ವಿಮೋಚನೆಯಾಗುವವರೆಗೆ ಕಾರವಾರದಾಚೆ ಪರರಾಜ್ಯ. ಅತ್ತಣಿಂದ ಬಂದವನ ಗಂಟು ನಾಕೆಯಲ್ಲಿ ಬಿಚ್ಚಲೇಬೇಕು. ಅಪ್ಪಯ್ಯನ ಸಂಚಿ ಮಾತ್ರ ಎಲ್ಲ ನಾಕೆಗಳನ್ನೂ ದಾಟುತ್ತಿತ್ತು. ಬಿಚ್ಚಿ ನೋಡಿದ ಸಿಪಾಯಿಯೇ ಒಂದು ಕವಳ ಹಾಕಿಕೊಂಡು ಬಾಯಿ ಕೆಂಪು ಮಾಡಿಕೊಂಡು ಕಳಿಸುತ್ತಿದ್ದನಂತೆ.

ಬಜಪೆಯಲ್ಲಿ ವಿಮಾನ ಇಳಿಯತೊಡಗಿದ್ದು ೧೯೫೧ರಲ್ಲಿ. ಚೀಲ ಬಿಚ್ಚಿ ನೋಡುವ ಇಂದಿನ ಪದ್ಧತಿ ಆಗ ಇರಲಿಲ್ಲ. ಒಂದೊಂದು ನಿಯಮಕ್ಕೂ ಒಂದೊಂದು ದುರ್ದಿನ ತಾಯಿ. ೧೯೭೧ರ ಜನವರಿ ೩೦ರಂದು ಶ್ರೀನಗರದಿಂದ ಹೊರಟ ‘ಗಂಗಾ’ ವಿಮಾನವನ್ನು ಇಬ್ಬರು ಲಾಹೋರಿಗೆ ಒಯ್ದರು. ಅವರ ಕೈಯಲ್ಲಿದ್ದದ್ದು ಆಟಿಕೆಯ ಪಿಸ್ತೂಲು, ಮರದ ಕೈಬಾಂಬು! ಇಂದಿಗೂ ಮಕ್ಕಳ ಆಟದ ಬಂದೂಕನ್ನು ತಡೆಯುವುದು ಕಂಡಾಗ ನಗುವವರು ಇದನ್ನು ನೆನೆಯಬೇಕು. ೧೯೭೬ರಲ್ಲಿ ಮತ್ತೊಂದು ಅಪಹರಣ. ಅದರ ಫಲವಾಗಿ ೧೯೭೮ರಲ್ಲಿ ವಿಮಾನಯಾನದ ಭದ್ರತೆಗೆಂದೇ ಒಂದು ಘಟಕ ಹುಟ್ಟಿತು. ೧೯೮೧ರ ಸೆಪ್ಟೆಂಬರಿನ ಅಪಹರಣಕಾರರು ಕೃಪಾಣ ಹಿಡಿದಿದ್ದರು. ಆದರೂ ಸಿಖ್ಖರ ಶ್ರದ್ಧೆಯನ್ನು ಗೌರವಿಸಿ, ದೇಶದೊಳಗಿನ ಪ್ರಯಾಣದಲ್ಲಿ ಅಲಗು ಆರು ಅಂಗುಲ, ಒಟ್ಟು ಉದ್ದ ಒಂಬತ್ತು ಅಂಗುಲ ಮೀರದ ಕೃಪಾಣಕ್ಕೆ ನಿಯಮದಲ್ಲಿ ಎಡೆ ಮಾಡಿಕೊಟ್ಟಿದ್ದಾರೆ. ಅಡಕತ್ತರಿಗೆ ಅಂಥ ಎಡೆ ಇಲ್ಲ. ಅದು ಚಟ, ಧರ್ಮವಲ್ಲ ಎಂಬ ತೀರ್ಮಾನ ನ್ಯಾಯವಾದದ್ದೇ. ನಮ್ಮ ಕಡೆಯ ಮುದುಕರು ಒಪ್ಪುವುದು ಕಷ್ಟ.

೧೯೮೫ರ ಜೂನ್ ೨೩ರಂದು ‘ಕನಿಷ್ಕ’ ವಿಮಾನ ಅಟ್ಲಾಂಟಿಕ್ ಸಾಗರದ ಮೇಲೆ ಸಿಡಿದು ೩೨೯ ಜನ ಸತ್ತರು. ಬಾಂಬಿದ್ದ ಪೆಟ್ಟಿಗೆಯನ್ನು ಹತ್ತಿಸಿದವನು ತಾನು ಹತ್ತಿರಲೇ ಇಲ್ಲ. ಒಡೆಯನಿಲ್ಲದ ಪೆಟ್ಟಿಗೆ ಹಾರಬಾರದೆಂಬ ಕಟ್ಟುನಿಟ್ಟು, ‘ನಿಮ್ಮ ಚೀಲ ನೀವೇ ಕಟ್ಟಿದಿರಾ?’ ಎಂಬ ಪ್ರಶ್ನೆ ಎಲ್ಲವಕ್ಕೂ ಹಿನ್ನೆಲೆ ಇಂಥ ಸಾವುಗಳು. ೧೯೯೯ರ ಡಿಸೆಂಬರಿನ ಕಂದಹಾರದ ಪ್ರಕರಣದ ಮೇಲೆ, ೨೦೦೦ದಲ್ಲಿ ಜಯಪುರದಿಂದ ಆರಂಭಿಸಿ, ಕೇಂದ್ರ ಕೈಗಾರಿಕಾ ಭದ್ರತಾ ಪಡೆಯವರು ನಿಲ್ದಾಣಗಳ ಕಾವಲಿಗೆ ಬಂದರು. ೨೦೦೬ರ ಆಗಸ್ಟಿನಲ್ಲಿ ಪಾನೀಯದ ಬಾಟಲಿಗಳಲ್ಲಿ ಸ್ಫೋಟಕ ದ್ರವ ಒಯ್ಯುವ ಸಂಚು ಲಂಡನ್ನಿನಲ್ಲಿ ಬಯಲಾಯಿತು. ಅಂದಿನಿಂದ ಪರದೇಶಕ್ಕೆ ಹೋಗುವವನ ಕೈಚೀಲದಲ್ಲಿ ಎಣ್ಣೆಯೋ ಜೇನೋ ೧೦೦ ಮಿಲಿಲೀಟರಿನ ಸೀಸೆ ಮೀರುವಂತಿಲ್ಲ. ಅದೇ ೨೦೦೬ರಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಆರಂಭವಾಯಿತು. ನಮ್ಮ ಜನಕ್ಕೆ ಬಾಗಿಲು ತೆರೆದ ವರ್ಷವೇ ಬಾಟಲಿಗೆ ಬಾಗಿಲು ಮುಚ್ಚಿತು.

ಇಷ್ಟೆಲ್ಲ ಓದಿಯೂ ಕಳೆದ ವರ್ಷ ನಾನು ಇನ್ನೊಂದು ಹಳ್ಳಕ್ಕೆ ಬೀಳುವವನಿದ್ದೆ. ಮಗಳಿಗೆ ದುಬೈಯಲ್ಲಿ ಹೆರಿಗೆಯಾಗಿತ್ತು. ಬಾಣಂತಿಗೆ ಅಂಟಿನುಂಡೆ ಆಗಲೇಬೇಕೆಂದು ನನ್ನ ಹೆಂಡತಿ ಅಂಟು ಹುರಿದು, ಉತ್ತುತ್ತೆ ಬಿಡಿಸಿ, ಬೆಲ್ಲ ಕುಟ್ಟಿ ಅಣಿಯಾದಳು. ಅಷ್ಟರಲ್ಲಿ ಭಟ್ಕಳದ ನನ್ನ ಹಳೆಯ ಸ್ನೇಹಿತರು ಮನೆಗೆ ಬಂದರು. ನವಾಯತ ಮನೆತನ, ಮೂವರು ಮಕ್ಕಳೂ ಕೊಲ್ಲಿಯಲ್ಲೇ ಇರುವವರು. ಸಾಮಾನು ಕಟ್ಟುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಜಗಲಿಯ ಮೇಲೆ ಹರಡಿದ್ದನ್ನು ಒಮ್ಮೆ ನೋಡಿ, ಒಂದು ಪೊಟ್ಟಣ ಎತ್ತಿ ಮೂಸಿದರು.

"ಮಾಸ್ತರೇ, ಇದು ಗಸಗಸೆ ಅಲ್ಲವೋ?"

"ಹೌದು ಸಾಹೇಬರೇ. ಉಂಡೆಗೆ."

"ನೀವು ಚರಿತ್ರೆ ಓದಿದವರು. ಆ ದೇಶದ ಕಾಯಿದೆ ಓದಲಿಲ್ಲವೋ? ಅಲ್ಲಿ ಇದು ಮದ್ದು. ಅಫೀಮಿನ ಲೆಕ್ಕ. ಸಿಕ್ಕಿದರೆ ಜೈಲು. ಪಾಯಸಕ್ಕೆ ಅಂದರೆ ಯಾರೂ ಕೇಳುವುದಿಲ್ಲ."

ಹೆಂಡತಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಗಸಗಸೆ ಗಿಡದ ಕಾಯಿಯಿಂದಲೇ ಅಫೀಮು ಬರುವುದೆಂಬುದು ನನಗೆ ತಿಳಿಯದ್ದಲ್ಲ. ಆದರೆ ಅಡಿಗೆಮನೆಯ ಡಬ್ಬಿಯಲ್ಲಿದ್ದದ್ದು ಸೆರೆಮನೆಯ ವಸ್ತುವಾದೀತೆಂದು ಹೊಳೆದಿರಲಿಲ್ಲ. ಮಗಳ ಕೂಸನ್ನು ನೋಡುವ ಬದಲು ಅಲ್ಲಿಯ ಪೋಲೀಸರ ಮುಖ ನೋಡುತ್ತ ಕೂರಬೇಕಾಗಿತ್ತು ಎಂಬುದನ್ನು ನೆನೆದರೆ ಈಗಲೂ ಮೈ ಬೆವರುತ್ತದೆ.

ಸಾಹೇಬರು ಕುಳಿತು ಒಂದೊಂದನ್ನೇ ವಿಂಗಡಿಸಿದರು. ವೀಳ್ಯದೆಲೆ ಅಲ್ಲಿ ನಿಷಿದ್ಧ; ಎಲೆಯಿಲ್ಲದ ಮೇಲೆ ಕವಳದ ಮಾತೇ ಇಲ್ಲ. ಕೊಬ್ಬರಿ ಬಟ್ಟಲು ಕೈಚೀಲಕ್ಕೂ ಬೇಡ, ಪೆಟ್ಟಿಗೆಗೂ ಬೇಡ; ಒಣಕೊಬ್ಬರಿಯ ಎಣ್ಣೆಯಂಶ ತಾನೇ ಕಾದು ಹೊತ್ತಿಕೊಳ್ಳಬಹುದೆಂದು ವಿಮಾನದವರು ಅದನ್ನು ಅಪಾಯದ ಸರಕಿನಲ್ಲಿ ಸೇರಿಸಿದ್ದಾರೆ. (ಅಯ್ಯಪ್ಪನ ವ್ರತಧಾರಿಗಳ ಇರುಮುಡಿಯ ತುಪ್ಪ ತುಂಬಿದ ತೆಂಗಿನಕಾಯಿಗೆ ಮಾತ್ರ, ಪರೀಕ್ಷೆಗೆ ಒಳಪಟ್ಟು, ೨೦೨೪ರ ಅಕ್ಟೋಬರಿನಿಂದ ೨೦೨೫ರ ಜನವರಿ ೨೦ರವರೆಗೆ ಕೈಯಲ್ಲಿ ಒಯ್ಯಲು ಅನುಮತಿ ಸಿಕ್ಕಿತ್ತು.) ಮಿಡಿಯುಪ್ಪಿನಕಾಯಿ ಕೈಯಲ್ಲಿ ಕೂಡದು, ಬಿಗಿಯಾಗಿ ಕಟ್ಟಿ ಪೆಟ್ಟಿಗೆಗೆ ಹಾಕಬೇಕು. ಮೊಬೈಲಿಗೆ ವಿದ್ಯುತ್ತು ತುಂಬುವ ಪವರ್ ಬ್ಯಾಂಕಿನದು ಇದಕ್ಕೆ ತಿರುಗುಮುರುಗು: ಅದು ಕೈಯಲ್ಲೇ ಇರಬೇಕು, ಪೆಟ್ಟಿಗೆಯಲ್ಲಿ ಕೂಡದು. ಅದರ ಲಿಥಿಯಂ ಹೊತ್ತಿಕೊಂಡರೆ ವಿಮಾನದ ಹೊಟ್ಟೆಯೊಳಗೆ ನಂದಿಸಲು ಯಾರು ಇಳಿಯುತ್ತಾರೆ?

ಅಷ್ಟರಲ್ಲಿ ನೆರೆಮನೆಯ ಹುಡುಗನೊಬ್ಬ ಹೊಲಿದು ಮುಚ್ಚಿದ ಪೊಟ್ಟಣ ತಂದು, ದುಬೈಯಲ್ಲಿ ತನ್ನ ಅಣ್ಣನಿಗೆ ತಲುಪಿಸಬೇಕೆಂದ. ನಾನು ಕೈ ಚಾಚಿದೆ. ಸಾಹೇಬರು ತಡೆದರು. "ಬಿಚ್ಚಿ ತೋರಿಸು ತಮ್ಮಾ, ಬೇಸರ ಮಾಡಬೇಡ. ನಮ್ಮೂರಲ್ಲಿ ಒಬ್ಬ ಹೊರಟರೆ ಕೇರಿಯೆಲ್ಲ ಪೊಟ್ಟಣ ಕೊಡುತ್ತಿತ್ತು. ಈಗ ಬಿಚ್ಚದ್ದನ್ನು ನನ್ನ ಮಕ್ಕಳದನ್ನೂ ನಾನು ಒಯ್ಯುವುದಿಲ್ಲ." ಹುಡುಗ ಮುಖ ಸಣ್ಣದು ಮಾಡಿಕೊಂಡು ಬಿಚ್ಚಿದ. ಒಳಗಿದ್ದದ್ದು ಎರಡು ಅಂಗಿ, ಹಪ್ಪಳ. ಒಬ್ಬರ ಗಂಟನ್ನು ಇನ್ನೊಬ್ಬರು ಕಣ್ಣುಮುಚ್ಚಿ ಹೊರುತ್ತಿದ್ದ ಕಾಲ ಹೋದದ್ದೇ ನನಗೆ ಅಡಕತ್ತರಿ ಹೋದದ್ದಕ್ಕಿಂತ ದೊಡ್ಡದಾಗಿ ಕಂಡಿತು. ಸಾಹೇಬರನ್ನು ತಪ್ಪೆನ್ನಲಾರೆ.

ಹೆಂಡತಿ ಮತ್ತೆ ಒಲೆ ಹೊತ್ತಿಸಿ ಗಸಗಸೆಯಿಲ್ಲದ ಉಂಡೆ ಕಟ್ಟಿದಳು. ರುಚಿ ನೋಡಿ, "ಇದೂ ಒಂದು ಉಂಡೆಯೇ?" ಎಂದಳು. ಗಸಗಸೆ ಹಾಕಿದ ನಾಲ್ಕು ಉಂಡೆಗಳನ್ನು ಸಾಹೇಬರ ಮನೆಗೆ ಕಳಿಸಿದಳು. ಹೊರಡುವ ದಿನ ಅವರ ಮನೆಯಿಂದ ಬಾಳೆಯೆಲೆಯಲ್ಲಿ ಸುತ್ತಿದ ಭಟ್ಕಳ ಮಲ್ಲಿಗೆಯ ದಂಡೆ ಬಂತು.

ನಿಲ್ದಾಣದಲ್ಲಿ ನನ್ನ ಕೈಚೀಲ ಒಂದೇ ಬಾರಿಗೆ ಆಚೆ ಬಂತು. ಆದರೂ ಕಾವಲಿನ ಹೆಣ್ಣುಮಗಳು ಕವಳದ ಸಂಚಿಯನ್ನು ಎತ್ತಿಕೊಂಡು, ನಾಲ್ಕೂ ಖಾನೆಗಳಲ್ಲಿ ಬೆರಳಾಡಿಸಿ ನೋಡಿದಳು. ಒಂದರಲ್ಲಿ ಪಾಸ್ಪೋರ್ಟು, ಒಂದರಲ್ಲಿ ಕನ್ನಡಕ, ಒಂದರಲ್ಲಿ ರಕ್ತದೊತ್ತಡದ ಗುಳಿಗೆ. ಕೊನೆಯದು ಬರಿದು. "ಇದರಲ್ಲಿ ಏನೋ ವಾಸನೆ ಇದೆ ಅಜ್ಜಾ," ಎಂದಳು.

"ಸುಣ್ಣದ್ದು," ಎಂದೆ. "ಹಳೆಯದು."

ಅವಳು ಸಂಚಿಯನ್ನು ಮಡಿಸಿ ನನ್ನ ಕೈಗೆ ಕೊಟ್ಟಳು.