ಮಳೆ ನಕ್ಷತ್ರ: ಡೆಂಕಣಿಕೋಟೆ ಸೀಮೆಯ ಹೊಲದ ಕಾಲಗಣನೆ

ತಮಿಳುನಾಡಿನ ಗಡಿಭಾಗದ ಡೆಂಕಣಿಕೋಟೆ ಸೀಮೆಯ ಕನ್ನಡಿಗರನ್ನು ಚಾಂದ್ರಮಾನದವರೆಂದೂ ತಮಿಳರನ್ನು ಸೌರಮಾನದವರೆಂದೂ ವಿಂಗಡಿಸುವುದು ವಾಡಿಕೆ. ಹಬ್ಬಗಳ ಮಟ್ಟಿಗೆ ಇದು ನಿಜ. ಹೊಲದ ಮಟ್ಟಿಗೆ ನಿಜವಲ್ಲವೆಂಬುದು ಈ ಲೇಖನದ ವಾದ.

ಅರವತ್ತು ಸಂವತ್ಸರಗಳ ಚಕ್ರ ಇಬ್ಬರಿಗೂ ಒಂದೇ. ಆದರೆ ಕ್ರೋಧಿ ಸಂವತ್ಸರ ಕನ್ನಡ, ತೆಲುಗು ಮನೆಗಳಿಗೆ 2024ರ ಏಪ್ರಿಲ್ 9ರ ಯುಗಾದಿಯಂದು ಬಂದರೆ, ತಮಿಳು ಮನೆಗಳಿಗೆ ಬಂದದ್ದು ಏಪ್ರಿಲ್ 14ರಂದು, ಚಿತ್ತಿರೈ ತಿಂಗಳ ಮೊದಲ ದಿನ. ಮರುವರ್ಷ ವಿಶ್ವಾವಸುವಿನ ಹೊತ್ತಿಗೆ ಈ ಅಂತರ 15 ದಿನಕ್ಕೆ ಬೆಳೆಯಿತು. ಚಾಂದ್ರ ವರ್ಷಕ್ಕೆ ಸುಮಾರು 354 ದಿನ. ಸೌರ ವರ್ಷಕ್ಕಿಂತ 11 ದಿನ ಕಡಿಮೆ. ಅಧಿಕಮಾಸ ಬಂದಾಗಲೇ ಅದು ಸರಿಹೋಗುವುದು. 2023ರಲ್ಲಿ ಶ್ರಾವಣ ಅಧಿಕವಾದ್ದರಿಂದ, ಆ ವರ್ಷ ಮಾರ್ಚ್ 22ಕ್ಕಿದ್ದ ಯುಗಾದಿ ಮುಂದಿನ ವರ್ಷ ಏಪ್ರಿಲ್‌ಗೆ ಹೋಯಿತು.

ಹೀಗೆ ಹಿಂದೆ ಮುಂದೆ ಸರಿಯುವ ತಿಂಗಳನ್ನು ನಂಬಿ ರಾಗಿ ಬಿತ್ತಲಾಗದು. ಬೇಸಾಯಕ್ಕಿರುವುದು ಮಳೆ ನಕ್ಷತ್ರ. ತೆಲುಗರ ಬಾಯಲ್ಲಿ ಅದೇ ಕಾರ್ತೆ. ಪಂಚಾಂಗದ ನಿತ್ಯ ನಕ್ಷತ್ರ ಚಂದ್ರನದು, ಮಳೆ ನಕ್ಷತ್ರ ಸೂರ್ಯನದು. ಸೂರ್ಯ ಒಂದು ನಕ್ಷತ್ರದಲ್ಲಿ ಹದಿಮೂರೂವರೆ ದಿನದಷ್ಟು ಇರುತ್ತಾನೆ. ನಕ್ಷತ್ರದ ಕಾಲುಭಾಗವಾದ ಪಾದವೊಂದಕ್ಕೆ ಮೂರು ದಿನ ಚಿಲ್ಲರೆ. ಭರಣಿ ಏಪ್ರಿಲ್ ಕೊನೆಗೆ, ರೋಹಿಣಿ ಮೇ 25ರ ಸುಮಾರಿಗೆ, ಆರಿದ್ರ ಜೂನ್ 22ರ ಸುಮಾರಿಗೆ ಹುಟ್ಟುತ್ತವೆ. ಅಧಿಕಮಾಸ ಬಂದರೂ ಇವು ಕದಲುವುದಿಲ್ಲ. (ಅಯನಚಲನೆಯಿಂದ ಅರವತ್ತು ಎಪ್ಪತ್ತು ವರ್ಷಕ್ಕೊಂದು ದಿನ ಜಾರುವುದುಂಟು, ಒಂದು ತಲೆಮಾರಿನ ಬೇಸಾಯಕ್ಕೆ ಅದು ಲೆಕ್ಕಕ್ಕಿಲ್ಲ.)

ಅಶ್ವಿನಿ ಮಳೆ ಹುಟ್ಟುವುದು ಮೇಷ ಸಂಕ್ರಮಣಕ್ಕೆ. ಚಿತ್ತಿರೈ ಆರಂಭವೂ ಅದರಿಂದಲೇ. ಎರಡೂ ಒಂದೇ ಸೌರ ಲೆಕ್ಕವೆಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಆಡಿ ಹದಿನೆಂಟು, ಅಂದರೆ ಸೂರ್ಯ ಕರ್ಕಾಟಕಕ್ಕೆ ಬಂದಾಗ ಶುರುವಾಗುವ ತಮಿಳು ಆಡಿ ತಿಂಗಳ ಹದಿನೆಂಟನೆಯ ದಿನ. ಕರ್ಕಾಟಕ ರಾಶಿಯಲ್ಲಿ ಮೊದಲು ಪುನರ್ವಸುವಿನ ಕೊನೆಯ ಪಾದ, ಆಮೇಲೆ ಇಡೀ ಪುಷ್ಯ. ಈ ಐದು ಪಾದ ದಾಟಲು ಸೂರ್ಯನಿಗೆ ಹದಿನೇಳು ದಿನಕ್ಕೂ ತುಸು ಹೆಚ್ಚೇ ಹಿಡಿಯುತ್ತದೆ. ಹಾಗಾಗಿ ಹೊಗೇನಕಲ್ಲಿನಲ್ಲಿ ತಮಿಳರು ಕಾವೇರಿಯನ್ನು ಪೂಜಿಸುವ ಹೊತ್ತಿಗೇ, ಆಗಸ್ಟ್ 3ರ ಆಚೀಚೆ, ಕನ್ನಡ ರೈತರ ಆಶ್ಲೇಷ ಮಳೆ ಹುಟ್ಟುತ್ತದೆ. ಒಬ್ಬರು ಇನ್ನೊಬ್ಬರಿಂದ ಎರವಲು ಪಡೆದರೆಂದು ಊಹಿಸಬೇಕಿಲ್ಲ. ಇಬ್ಬರೂ ಅಳೆಯುತ್ತಿರುವುದು ಒಬ್ಬನೇ ಸೂರ್ಯನ ನಡೆಯನ್ನು. ಒಬ್ಬರು ರಾಶಿಯಿಂದ, ಇನ್ನೊಬ್ಬರು ನಕ್ಷತ್ರದಿಂದ.

ಆದ್ದರಿಂದ ಗಡಿನಾಡ ಕನ್ನಡಿಗರ ಕಾಲಗಣನೆಯನ್ನು ಚಾಂದ್ರಮಾನವೆಂದಷ್ಟೇ ಬರೆದರೆ ಅದು ಅರ್ಧ ಸತ್ಯ. ತಳಿ, ಅಂಚೆಟ್ಟಿ, ಕೆಲಮಂಗಲ ಕಡೆ ಕ್ಷೇತ್ರಕಾರ್ಯಕ್ಕೆ ಹೋಗುವವರು ಹಬ್ಬಗಳ ಪಟ್ಟಿಗೇ ನಿಲ್ಲಬಾರದು. ಯಾವ ಮಳೆಯ ಯಾವ ಪಾದಕ್ಕೆ ಏನು ಬಿತ್ತುತ್ತಿದ್ದರೆಂಬುದನ್ನು ಹಿರಿಯರಿಂದ ಕೇಳಿ, ಅವರ ಮಾತಿನಲ್ಲೇ ದಾಖಲಿಸಬೇಕು.