ಮೂಗು ಬೆಳೆದರೆ ಬಾಲವೂ ಬೆಳೆಯಬೇಕು

1942ರ ಆರಂಭದಲ್ಲಿ ಅಮೆರಿಕದ ನೌಕಾದಳ ತನ್ನ ದೇಶದ ಶಾಲಾ ಮಕ್ಕಳಿಂದ ವಿಚಿತ್ರವಾದ ಸಹಾಯವೊಂದನ್ನು ಕೇಳಿತು. ಮರ ಕೆತ್ತಿ ಐದು ಲಕ್ಷ ಪುಟ್ಟ ವಿಮಾನಗಳನ್ನು ಮಾಡಿಕೊಡಬೇಕು. ಒಟ್ಟು 50 ಬಗೆ, ಒಂದೊಂದು ಬಗೆಯಲ್ಲಿ 10,000. ಮಿತ್ರರ ವಿಮಾನಗಳೂ ಬೇಕು, ಶತ್ರುಗಳವೂ ಬೇಕು. ಅಳತೆ ಮಾತ್ರ ಎಲ್ಲಕ್ಕೂ ಒಂದೇ, ನಿಜ ವಿಮಾನದ 72ನೇ ಒಂದು ಪಾಲು. ಇಂಥ ಮಾದರಿಯನ್ನು 35 ಅಡಿ ದೂರದಲ್ಲಿ ತೂಗುಹಾಕಿದರೆ ಅರ್ಧ ಮೈಲಿ ಆಚೆ ಹಾರುವ ನಿಜ ವಿಮಾನದಷ್ಟೇ ದೊಡ್ಡದಾಗಿ ಕಾಣುತ್ತದೆ. ವಿಮಾನ ಹೊಡೆಯುವ ತೋಪಿನ ಹಿಂದೆ ಕೂರುವವನಿಗೆ, ಆಕಾಶ ಕಾಯುವವನಿಗೆ ಗುರುತು ಹಿಡಿಯುವ ಪಾಠ ಹೇಳಿಕೊಡಲು ಇವು ಬೇಕಾಗಿದ್ದವು. ರೆಕ್ಕೆಯ ತುದಿ ಕೊಂಚ ಹೆಚ್ಚು ಗುಂಡಗಾದರೂ ನೋಡಿ ಕಲಿಯುವವನು ತಪ್ಪು ಕಲಿಯುತ್ತಾನೆ. ತಪ್ಪು ಕಲಿತವನು ತನ್ನವರನ್ನೇ ಹೊಡೆದುರುಳಿಸಬಹುದು. ಹೀಗಾಗಿ ಮಕ್ಕಳು ಕೆತ್ತುವಾಗ ಆಕಾರದ ಪಟ್ಟಿಗಳನ್ನು ಮೈಗೆ ಒತ್ತಿಟ್ಟು ಅಳತೆ ನೋಡಬೇಕಿತ್ತು.

ವಿಮಾನದ ಪ್ರತಿಕೃತಿ ಎಂದರೆ ಮಕ್ಕಳ ಆಟಿಕೆ ಎಂದುಕೊಳ್ಳುವವರು ಗಮನಿಸಬೇಕಾದ ಸಂಗತಿ ಇದು. ಆ ಅಳತೆಗೂ ಒಂದು ಕಾರಣವಿದೆ. 72ನೇ ಪಾಲೆಂದರೆ ಅಂಗುಲಕ್ಕೆ ಆರು ಅಡಿ. ಆರಡಿ ಆಳು ಮಾದರಿಯಲ್ಲಿ ಒಂದಂಗುಲ ಎತ್ತರ. ಬ್ರಿಟನ್ನಿನ ಫ್ರಾಗ್ ಎಂಬ ಹೆಸರಿನ ತಯಾರಕರು 1936ರಲ್ಲೇ ಈ ಅಳತೆಯಲ್ಲಿ ಪ್ಲಾಸ್ಟಿಕ್ ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರಲು ಶುರುಮಾಡಿದ್ದರು. ಅವರ ಬೇರೆ ಮಾದರಿಗಳು ಹಾರುತ್ತಿದ್ದವು. ಇವು ಹಾರುತ್ತಿರಲಿಲ್ಲವಾದ್ದರಿಂದ ಹಾರಲಾರದ ಹಕ್ಕಿಯ ಹೆಸರನ್ನೇ ಇಟ್ಟು ಪೆಂಗ್ವಿನ್ ಎಂದು ಕರೆದರು.

ಆದರೆ ಈ ಹವ್ಯಾಸವನ್ನು ಮನೆಮನೆಗೆ ಮುಟ್ಟಿಸಿದ್ದು ಬಾಚಣಿಗೆ ಮಾಡುತ್ತಿದ್ದ ಇನ್ನೊಂದು ಕಂಪನಿ. ಹಂಗೆರಿಯಿಂದ ಬಂದ ನಿಕೋಲಸ್ ಕೋವ್ 1939ರಲ್ಲಿ ಲಂಡನ್ನಿನಲ್ಲಿ ಗಾಳಿ ತುಂಬಿದ ರಬ್ಬರ್ ಆಟಿಕೆಗಳಿಗಾಗಿ ಏರ್‌ಫಿಕ್ಸ್ ಸ್ಥಾಪಿಸಿದ. ವ್ಯಾಪಾರಿಗಳ ವಿಳಾಸಪಟ್ಟಿಯಲ್ಲಿ ತನ್ನ ಕಂಪನಿ ಮೊದಲಿಗೇ ಬರಲಿ ಎಂಬುದು ಆ ಹೆಸರಿನ ಹಿಂದಿದ್ದ ಲೆಕ್ಕಾಚಾರ. ಯುದ್ಧ ಮುಗಿದ ಮೇಲೆ ಪ್ಲಾಸ್ಟಿಕ್ಕನ್ನು ಕರಗಿಸಿ ಅಚ್ಚಿಗೆ ಒತ್ತುವ ಯಂತ್ರ ತರಿಸಿ ಬಾಚಣಿಗೆ ಮಾಡತೊಡಗಿದ. 1949ರಲ್ಲಿ ಫರ್ಗುಸನ್ ಟ್ರ್ಯಾಕ್ಟರಿನ ಪುಟ್ಟ ಮಾದರಿಯೊಂದನ್ನು ಮಾಡಿಕೊಡುವ ಕೆಲಸ ಬಂತು. ಬಿಡಿಭಾಗಗಳನ್ನು ಜೋಡಿಸುವ ಕೂಲಿಯೇ ದುಬಾರಿಯಾಯಿತು. ಜೋಡಿಸುವ ಕೆಲಸವನ್ನು ಕೊಂಡವನಿಗೇ ಬಿಟ್ಟರೆ ಹೇಗೆ? ಉಪಾಯ ಫಲಿಸಿತು. 1952ರಲ್ಲಿ ಗೋಲ್ಡನ್ ಹೈಂಡ್ ಹಡಗು, 1953ರಲ್ಲಿ ಸ್ಪಿಟ್‌ಫೈರ್ ಯುದ್ಧವಿಮಾನ ಅಂಗಡಿಗೆ ಬಂದವು.

ಆ ಮೊದಲ ಸ್ಪಿಟ್‌ಫೈರ್ ನಿಜವಾದ ಸ್ಪಿಟ್‌ಫೈರನ್ನು ಅಳೆದು ಮಾಡಿದ್ದಾಗಿರಲಿಲ್ಲ. ಅಮೆರಿಕದ ಅರೋರಾ ಕಂಪನಿಯ ಕಿಟ್ಟನ್ನೇ ಮುಂದಿಟ್ಟುಕೊಂಡು, ಗಾತ್ರ ಇಳಿಸಿ ಅಚ್ಚು ಮಾಡಿಸಿದ್ದರು. ಅರೋರಾದ ತಪ್ಪುಗಳೂ ಅದರ ಜೊತೆಗೇ ಬಂದವು. ಬದಿಯಲ್ಲಿದ್ದ ಗುರುತಿನ ಅಕ್ಷರಗಳಿಂದಾಗಿ ಹವ್ಯಾಸಿಗಳು ಅದನ್ನು ಇಂದಿಗೂ ಬಿಟಿಕೆ ಎಂದೇ ಕರೆಯುತ್ತಾರೆ. ಕಂಪನಿ ಮುಂದೆ ಅದನ್ನು ಬದಿಗಿಟ್ಟು ಬೇರೆ ಅಚ್ಚು ಮಾಡಿಸಬೇಕಾಯಿತು. ನಕಲಿನ ನಕಲು ಹೇಗೆ ಹಾದಿ ತಪ್ಪುತ್ತದೆ ಎಂಬುದು ನಮ್ಮ ಓಲೆಗರಿಗಳ ಲಿಪಿಕಾರರಿಗೂ ಗೊತ್ತಿದ್ದ ವಿಷಯ.

ದೊಡ್ಡ ಬದಲಾವಣೆ ಬಂದದ್ದು 1970ರಲ್ಲಿ. ಆ ವರ್ಷ ಏರ್‌ಫಿಕ್ಸ್ ಸ್ಪಿಟ್‌ಫೈರಿನ ಮೊದಲ ಮಾರ್ಕನ್ನು 1/24ರ ಅಳತೆಯಲ್ಲಿ ತಂದಿತು. ಅರ್ಧ ಅಂಗುಲಕ್ಕೆ ಒಂದಡಿ. 36 ಅಡಿ 10 ಅಂಗುಲದ ರೆಕ್ಕೆಹರವು ಹಳೆಯ ಅಳತೆಯಲ್ಲಿ ಆರು ಅಂಗುಲ ಚಿಲ್ಲರೆ ಆಗುತ್ತಿದ್ದರೆ ಇದರಲ್ಲಿ ಹದಿನೆಂಟೂವರೆ ಅಂಗುಲದ ಹತ್ತಿರ. ಉದ್ದ ಮೂರು ಪಟ್ಟಾದರೆ ಘನಗಾತ್ರ 27 ಪಟ್ಟಾಗುತ್ತದೆ. ಹಾಗಾಗಿ ಒಳಗೆ ಎಂಜಿನ್ ಇಡಲು ಜಾಗವಾಯಿತು, ಚಾಲಕನ ಮುಂದಿನ ಮೀಟರುಗಳನ್ನು ತೋರಿಸಬಹುದಾಯಿತು. ಬೇಕೆಂದವರು ಸಣ್ಣ ವಿದ್ಯುತ್ ಮೋಟಾರು ಕೂರಿಸಿ ಮುಂದಿನ ಪಂಕವನ್ನು ತಿರುಗಿಸಲೂಬಹುದಿತ್ತು. ಇದರ ಹಿಂದೆಯೇ ಜರ್ಮನಿಯ ಮೆಸರ್‌ಸ್ಮಿಟ್, ಅಮೆರಿಕದ ಮಸ್ಟ್ಯಾಂಗ್, ಬ್ರಿಟನ್ನಿನ ಹರಿಕೇನ್ ಇದೇ ಅಳತೆಯಲ್ಲಿ ಬಂದವು. ಅಮೆರಿಕದ ರೆವೆಲ್, ಜಪಾನಿನ ಹಸೆಗಾವ ಕಂಪನಿಗಳು ಸ್ವಲ್ಪ ಚಿಕ್ಕದಾದ 1/32ರ ಅಳತೆಯನ್ನು ಹಿಡಿದವು.

ಗಾತ್ರ ಹೆಚ್ಚಿದಂತೆ ತಪ್ಪು ಅಡಗುವ ಜಾಗ ಕಡಿಮೆಯಾಗುತ್ತದೆ. ಅಂಗೈಯಗಲದ ವಿಮಾನದ ಮೈಮೇಲೆ ಅರ್ಧ ಮಿಲಿಮೀಟರಿನ ರಿವೆಟ್ ಗುಬಟು ಚೆನ್ನಾಗಿಯೇ ಕಾಣಬಹುದು. ಆದರೆ 72ರಿಂದ ಗುಣಿಸಿದರೆ ಅದು 36 ಮಿಲಿಮೀಟರಿನ ಮೊಳೆತಲೆ. ಅಂಥ ಮೊಳೆ ಹೊಡೆದ ಯುದ್ಧವಿಮಾನ ಜಗತ್ತಿನಲ್ಲಿ ಎಲ್ಲೂ ಇರಲಿಲ್ಲ. ಸಣ್ಣ ಮಾದರಿಯಲ್ಲಿ ಕಣ್ಣು ಇದನ್ನು ಮನ್ನಿಸುತ್ತದೆ, ದೊಡ್ಡದರಲ್ಲಿ ಮನ್ನಿಸುವುದಿಲ್ಲ.

ಈ ಹವ್ಯಾಸದ ನಿಜವಾದ ತೊಡಕು ಇರುವುದು ಇಲ್ಲಿ. ಪೆಟ್ಟಿಗೆಯಲ್ಲಿರುವುದು ಒಂದು ವಿಮಾನ. ಇತಿಹಾಸದಲ್ಲಿದ್ದುದು ಹಲವು. ಸ್ಪಿಟ್‌ಫೈರ್ ಮೊದಲು ಹಾರಿದ್ದು 1936ರ ಮಾರ್ಚ್ 5ರಂದು. ಮುಂದೆ 20,000ಕ್ಕೂ ಹೆಚ್ಚು ವಿಮಾನಗಳು ತಯಾರಾದವು, ಮತ್ತು ಅಷ್ಟರಲ್ಲಿ ಅದರ ಎಂಜಿನ್, ಆಯುಧ, ಮೂಗು, ಬಾಲ ಎಲ್ಲವೂ ಬದಲಾದವು. ಕಂಪನಿ ಪ್ರತಿಯೊಂದಕ್ಕೂ ಉಕ್ಕಿನ ಅಚ್ಚು ಕೊರೆಸಲಾರದು, ಅದರ ಖರ್ಚು ಭಾರಿ. ತನ್ನ ಇಷ್ಟದ ವಿಮಾನ ಪೆಟ್ಟಿಗೆಯಲ್ಲಿಲ್ಲದಿದ್ದರೆ ಹವ್ಯಾಸಿ ಇದ್ದ ಕಿಟ್ಟನ್ನೇ ಕತ್ತರಿಸಿ ಬೇರೆಯದನ್ನಾಗಿ ಮಾಡಬೇಕು. ಇದಕ್ಕೆ ಕನ್ವರ್ಷನ್ ಎಂದು ಹೆಸರು. 1960ರಲ್ಲಿ ಆರಂಭವಾದ ಏರ್‌ಫಿಕ್ಸ್ ಕಂಪನಿಯ ಮಾಸಪತ್ರಿಕೆಯಲ್ಲಿ ಇಂಥ ಲೇಖನಗಳಿಗೆ ಕಾಯಂ ಜಾಗವಿತ್ತು. ತಾನೇ ಮಾರಿದ ಸರಕನ್ನು ಕೊಯ್ಯುವುದು ಹೇಗೆಂದು ಗಿರಾಕಿಗೆ ಹೇಳಿಕೊಡುವ ಕಂಪನಿಗಳು ಅಪರೂಪ!

ಸ್ಪಿಟ್‌ಫೈರಿನ ಮೊದಲ ಮಾರ್ಕನ್ನು ಒಂಬತ್ತನೆಯದನ್ನಾಗಿ ಮಾಡಬೇಕು ಎಂದಿಟ್ಟುಕೊಳ್ಳೋಣ. ಮೊದಲಿನದರಲ್ಲಿ ಬಲರೆಕ್ಕೆಯ ಕೆಳಗೆ ದೊಡ್ಡ ರೇಡಿಯೇಟರ್, ಎಡರೆಕ್ಕೆಯ ಕೆಳಗೆ ಎಣ್ಣೆ ತಣಿಸುವ ಸಣ್ಣ ಕೊಳವೆಯಂಥದ್ದು. ಒಂಬತ್ತನೆಯದರಲ್ಲಿ ಎರಡೂ ಕಡೆ ಒಂದೇ ಗಾತ್ರದ ಪೆಟ್ಟಿಗೆಗಳು. ಮೂರು ಅಲಗಿನ ಪಂಕ ಹೋಗಿ ನಾಲ್ಕು ಅಲಗಿನದು ಬಂತು. ವಿಮಾನದ ಉದ್ದ ಸುಮಾರು ಒಂದಡಿ ಹೆಚ್ಚಿತು. ಇದೆಲ್ಲ ಅಂದಕ್ಕಾಗಿ ಆದದ್ದಲ್ಲ. ಎತ್ತರದಲ್ಲಿ ಗಾಳಿ ತೆಳುವಾಗುವುದರಿಂದ ಎಂಜಿನ್ನಿಗೆ ಅದನ್ನು ಎರಡು ಹಂತದಲ್ಲಿ ಒತ್ತಿ ತುಂಬುವ ಏರ್ಪಾಡು ಮಾಡಿದರು. ಹಾಗೆ ಒತ್ತಿದ ಗಾಳಿ ಕಾಯುತ್ತದೆ. ಅದನ್ನು ತಣಿಸಲು ಇನ್ನೊಂದು ರೇಡಿಯೇಟರ್ ಬೇಕು. ಹೆಚ್ಚಿದ ಶಕ್ತಿಯನ್ನು ಬಳಸಿಕೊಳ್ಳಲು ಇನ್ನೊಂದು ಅಲಗು ಬೇಕು. ಒಂದನ್ನು ಮುಟ್ಟಿದರೆ ಉಳಿದದ್ದೆಲ್ಲ ಕದಲುತ್ತದೆ ಎಂಬುದು ಗರಗಸ ಹಿಡಿದವನಿಗೆ ಬೇಗ ಗೊತ್ತಾಗುತ್ತದೆ.

ಕೆಲಸದ ಸಲಕರಣೆಗಳು ಸರಳ. ಬ್ಲೇಡಿನಷ್ಟು ತೆಳುವಾದ ಗರಗಸ, ಪ್ಲಾಸ್ಟಿಕ್ ಹಾಳೆ, ಮರಳುಕಾಗದ, ಸಂದು ತುಂಬುವ ಪುಟ್ಟಿ. ಇಲ್ಲಿ ಅಂಟು ಎನ್ನುವುದು ಹೆಸರಿಗೆ ಮಾತ್ರ ಅಂಟು. ಪಾಲಿಸ್ಟೈರೀನ್ ಎಂಬ ಈ ಪ್ಲಾಸ್ಟಿಕ್ಕಿನ ಎರಡೂ ಅಂಚುಗಳನ್ನು ಅದು ಕ್ಷಣಕಾಲ ಕರಗಿಸುತ್ತದೆ, ಆರಿದ ಮೇಲೆ ಎರಡು ತುಂಡು ಒಂದೇ ತುಂಡಾಗಿರುತ್ತದೆ. ಬಿಡಿಭಾಗಗಳನ್ನು ಹಿಡಿದಿದ್ದ ಕಡ್ಡಿಯನ್ನೂ ಎಸೆಯುವಂತಿಲ್ಲ. ಮೋಂಬತ್ತಿಯ ಮೇಲೆ ಹಿಡಿದು ಮೆತ್ತಗಾದಾಗ ಎರಡೂ ತುದಿ ಜಗ್ಗಿದರೆ ಕೂದಲೆಳೆಯಷ್ಟು ತೆಳುವಾದ ತಂತಿ ಸಿಗುತ್ತದೆ. ರೇಡಿಯೋ ಏರಿಯಲ್ಲಿಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಮುಂದೆ ಕೆಲವರು ಅಚ್ಚು ಹೊಯ್ದ ರಾಳದ ಮೂಗು, ಬಾಲಗಳನ್ನೂ ತೆಳು ಹಿತ್ತಾಳೆಯ ಬಿಡಿಭಾಗಗಳನ್ನೂ ಬಿಡಿಬಿಡಿಯಾಗಿ ಮಾರತೊಡಗಿದರು. ಏರ್‌ಫಿಕ್ಸ್ ತಾನೇ ಸ್ಪಿಟ್‌ಫೈರಿನ ಒಂಬತ್ತನೇ ಮಾರ್ಕನ್ನು 1/24ರಲ್ಲಿ ತಂದದ್ದು 2022ರಲ್ಲಿ. ನಡುವಿನ 52 ವರ್ಷ ಹವ್ಯಾಸಿಗಳು ಅದನ್ನು ಕಾಯುತ್ತಾ ಕೂರಲಿಲ್ಲ.

ಕತ್ತರಿಸಿ ಸೇರಿಸುವ ಈ ಕೆಲಸವನ್ನು ಹವ್ಯಾಸಿಗಳಿಗಿಂತ ಮೊದಲು ಮಾಡಿದವರು ವಿಮಾನ ಕಟ್ಟಿದವರೇ. ಇದಕ್ಕೆ ಜರ್ಮನಿಯ ಫೋಕ್-ವುಲ್ಫ್ 190ರಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅದರ ವಿನ್ಯಾಸಕಾರ ಕುರ್ಟ್ ಟ್ಯಾಂಕ್. ಏರ್‌ಫಿಕ್ಸ್ 1980ರಲ್ಲಿ 1/24ರಲ್ಲಿ ತಂದದ್ದು ಇದರ ‘ಎ’ ಮಾದರಿಯನ್ನು. ಸಿಲಿಂಡರುಗಳನ್ನು ಹೂವಿನ ದಳಗಳಂತೆ ಸುತ್ತ ಜೋಡಿಸಿದ ದಪ್ಪ ಎಂಜಿನ್, ಮೊಂಡು ಮೂಗು. ಆ ಎಂಜಿನ್ ಎತ್ತರದಲ್ಲಿ ಸೋಲುತ್ತಿತ್ತು. ಅಮೆರಿಕದ ಬಾಂಬರುಗಳು ಬರುತ್ತಿದ್ದುದು ಅಷ್ಟು ಎತ್ತರದಲ್ಲೇ. ಟ್ಯಾಂಕ್ ನೀರಿನಿಂದ ತಣಿಸುವ ಉದ್ದನೆಯ ಯೂಮೋ ಎಂಜಿನ್ ಹಾಕಿದ. ಮೂಗು ಮುಂದೆ ಚಾಚಿತು, ತೂಕ ಮುಂದಕ್ಕೆ ಸರಿಯಿತು, ವಿಮಾನದ ಸಮತೋಲ ಕೆಟ್ಟಿತು. ಹೊಸ ವಿಮಾನವನ್ನೇ ಬರೆಯಲು ಸಮಯವಿರಲಿಲ್ಲ. ಬಾಲದ ಮುಂಭಾಗದಲ್ಲಿ 50 ಸೆಂಟಿಮೀಟರಿನ ತುಂಡೊಂದನ್ನು ಸೇರಿಸಿ ಒಡಲನ್ನು ಉದ್ದ ಮಾಡಿಬಿಟ್ಟರು. ಹೀಗೆ ಹುಟ್ಟಿದ್ದು ‘ಡಿ-9’.

ಹವ್ಯಾಸಿ ತನ್ನ ಮೇಜಿನ ಮೇಲೆ ‘ಎ’ಯನ್ನು ‘ಡಿ’ ಮಾಡಲು ಹೊರಟರೆ ಅದೇ ಜಾಗದಲ್ಲಿ ಗರಗಸ ಹಾಕಿ ಎರಡು ಸೆಂಟಿಮೀಟರಿಗಿಂತ ಕೂದಲೆಳೆ ಹೆಚ್ಚಿನ ತುಂಡನ್ನು ಸೇರಿಸಬೇಕು. ಕಾರ್ಖಾನೆಯ ಕೆಲಸಗಾರ ಮಾಡಿದ್ದನ್ನೇ 24ನೇ ಒಂದು ಪಾಲಿನಲ್ಲಿ ಮಾಡುತ್ತಾನೆ. ಮೂಗು ಮಾತ್ರ ಬದಲಿಸಿ ಬಾಲ ಬಿಟ್ಟವನ ಮಾದರಿ ಬಲ್ಲವರ ಕಣ್ಣಿಗೆ ತಕ್ಷಣ ಎಡವಟ್ಟಾಗಿ ಕಾಣುತ್ತದೆ.

ಯುದ್ಧದಲ್ಲಿ ಸೋತ ಜರ್ಮನಿಯಿಂದ ಅರ್ಜೆಂಟೀನಕ್ಕೆ ಹೋಗಿದ್ದ ಈ ಕುರ್ಟ್ ಟ್ಯಾಂಕ್ ಮುಂದೆ ಭಾರತಕ್ಕೆ ಬಂದ. 1956ರಿಂದ ಬೆಂಗಳೂರಿನ ಹಿಂದುಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಎಚ್‌ಎಫ್-24 ಮಾರುತದ ವಿನ್ಯಾಸವನ್ನು ಮುನ್ನಡೆಸಿದ. ಲೋಹದ ವಿಮಾನಕ್ಕೆ ಕೈಹಾಕುವ ಮೊದಲು ಅದರ ಪೂರ್ಣಗಾತ್ರದ ಮಾದರಿಯೊಂದನ್ನು ಮರದಲ್ಲಿ ಕಟ್ಟಿಸಿದರು. ಎಂಜಿನ್ ಇಲ್ಲದ ಅದನ್ನು 1959ರಲ್ಲಿ ಡಕೋಟಾ ವಿಮಾನದ ಹಿಂದೆ ಕಟ್ಟಿ ಎಳೆದೊಯ್ದು, ಮೇಲೆ ಬಿಟ್ಟು, ಅದು ಹೇಗೆ ತೇಲುತ್ತದೆಂದು ನೋಡಿದರು. ಮಾದರಿ ವಿಮಾನಗಳ ಚರಿತ್ರೆಯಲ್ಲಿ ಒಂದಕ್ಕೆ ಒಂದರ ಅಳತೆಯ ಈ ಬೆಂಗಳೂರು ಗ್ಲೈಡರಿಗೂ ಒಂದು ಸ್ಥಾನ ಕೊಡಬೇಕು. ನಿಜವಾದ ಮಾರುತ 1961ರ ಜೂನ್ 17ರಂದು ಹಾರಿತು.

ಬೆಂಗಳೂರಿನ ನಂಟು ಇಷ್ಟಕ್ಕೇ ಮುಗಿಯುವುದಿಲ್ಲ. ದೊಡ್ಡ ಅಳತೆಯಲ್ಲಿ ಕೆಲಸ ಮಾಡುವವನಿಗೆ ಕೊನೆಗೆ ಬೇಕಾಗುವುದು ನಿಜ ವಿಮಾನ. ಹಳೆಯ ಫೋಟೋ ಒಂದು ಬದಿಯನ್ನು ತೋರಿಸುತ್ತದೆ, ನಕ್ಷೆ ಆಮೇಲೆ ಆದ ಬದಲಾವಣೆಯನ್ನು ಹೇಳುವುದಿಲ್ಲ. ಚಕ್ರದ ಗೂಡಿನೊಳಗೆ ಯಾವ ಕೊಳವೆ ಎಲ್ಲಿ ಹಾಯುತ್ತದೆ ಎಂದು ತಿಳಿಯಲು ಬಗ್ಗಿ ನೋಡಲು ಒಂದು ವಿಮಾನ ಉಳಿದಿರಬೇಕು. ಹೆಚ್ಚಿನವು ಉಳಿದಿಲ್ಲ. ನಾಲ್ಕು ಎಂಜಿನ್ನಿನ ಲಿಬರೇಟರ್ ಬಾಂಬರುಗಳನ್ನು 18,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ಅಮೆರಿಕ ತಯಾರಿಸಿತ್ತು. ಯುದ್ಧ ಮುಗಿದದ್ದೇ ತಡ, ಅವು ಗುಜರಿಗೆ ಹೋಗಿ ಅಲ್ಯೂಮಿನಿಯಂ ಗಟ್ಟಿಗಳಾದವು.

ಕಾನ್ಪುರದಲ್ಲಿ ಬ್ರಿಟಿಷ್ ವಾಯುಪಡೆ ಮತ್ತೆ ಹಾರದಂತೆ ಕೆಡಿಸಿ ಬಿಟ್ಟುಹೋದ ಲಿಬರೇಟರುಗಳ ರಾಶಿಯೊಂದಿತ್ತು. ಸ್ವಾತಂತ್ರ್ಯ ಬಂದ ಬೆನ್ನಿಗೆ ಬಾಂಬರುಗಳಿಲ್ಲದ ಭಾರತೀಯ ವಾಯುಪಡೆಯ ಕಣ್ಣು ಅದರ ಮೇಲೆ ಬಿತ್ತು. ಯುದ್ಧಕಾಲದಲ್ಲಿ ಅಮೆರಿಕನ್ನರ ವಿಮಾನಗಳನ್ನು ದುರಸ್ತಿ ಮಾಡಿ ಕೈಪಳಗಿದ್ದ ಬೆಂಗಳೂರಿನ ಕಾರ್ಖಾನೆಗೆ ಕೆಲಸ ಬಂತು. ಹಾಳಾದವುಗಳಲ್ಲಿ ಕಡಿಮೆ ಹಾಳಾದುದನ್ನು ಆರಿಸಿ, ಒಂದರ ಭಾಗವನ್ನು ಇನ್ನೊಂದಕ್ಕೆ ಜೋಡಿಸಿ, ಹೇಗೋ ಹಾರುವಂತೆ ಮಾಡಿ ಬೆಂಗಳೂರಿಗೆ ತಂದರು. ಇಲ್ಲಿ ಬಿಚ್ಚಿ ಮತ್ತೆ ಕಟ್ಟಿದರು. ಹೀಗೆ ಸುಮಾರು 40 ಬಾಂಬರುಗಳು ಮರುಹುಟ್ಟು ಪಡೆದವು. 1948ರಲ್ಲಿ ಇವುಗಳಿಂದಲೇ ವಾಯುಪಡೆಯ 5ನೇ ಸ್ಕ್ವಾಡ್ರನ್ ರಚನೆಯಾಯಿತು, ಮತ್ತು 1968ರವರೆಗೂ ಲಿಬರೇಟರುಗಳು ನಮ್ಮಲ್ಲಿ ಸೇವೆಯಲ್ಲಿದ್ದವು. ಅಷ್ಟರಲ್ಲಿ ಬೇರೆ ದೇಶಗಳ ವಸ್ತುಸಂಗ್ರಹಾಲಯಗಳಿಗೆ ತಮ್ಮಲ್ಲಿ ಒಂದೂ ಉಳಿದಿಲ್ಲವೆಂಬ ಅರಿವಾಗಿತ್ತು. ಕೆನಡಕ್ಕೊಂದು, ಅಮೆರಿಕದ ಆರಿಜೋನಕ್ಕೊಂದು ಭಾರತದಿಂದ ಹೋಯಿತು. 1974ರಲ್ಲಿ ಇನ್ನೊಂದು ಬ್ರಿಟನ್ನಿಗೆ ಹಾರಿ, ಅಲ್ಲಿನ ವಾಯುಪಡೆಯ ಸಂಗ್ರಹಾಲಯ ಸೇರಿತು.

ಇಂದು ಲಿಬರೇಟರಿನ ಕಿಟ್ 1/32ರ ಅಳತೆಯಲ್ಲೂ ಸಿಗುತ್ತದೆ. ಚೀನಾದ ಹಾಬಿಬಾಸ್ ಕಂಪನಿಯದು. ರೆಕ್ಕೆಹರವು 41 ಅಂಗುಲ ದಾಟುವುದರಿಂದ ಮನೆಯಲ್ಲಿ ಅದನ್ನು ಎಲ್ಲಿಡುವುದೆಂಬುದೇ ಮೊದಲ ಪ್ರಶ್ನೆ. ಅದರ ಒಳಗನ್ನು ನಿಜ ವಿಮಾನದೊಂದಿಗೆ ಹೋಲಿಸಿ ಸರಿಪಡಿಸಲು ಹೊರಟವನು ಲಂಡನ್ನಿಗೋ ಆರಿಜೋನಕ್ಕೋ ಹೋಗಿ ಟಾರ್ಚು ಹಿಡಿದು ಬಾಗಿದರೆ, ಅವನೆದುರು ಇರುವುದು ಬೆಂಗಳೂರಿನ ಮೆಕ್ಯಾನಿಕ್ಕುಗಳು ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದ ವಿಮಾನ.